ಹಲಸಿನ ಗಟ್ಟಿ ಬೇಯುವಷ್ಟು ಹೊತ್ತು

ಅವನು ಕುಡಿಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕುಡಿಯುವುದು ಹಾಗಿರಲಿ, ರಮ್ಮಿನ ವಾಸನೆ ಬಂದರೆ ಮೂಗು ಹಿಡಿದುಕೊಂಡು ಅಂಗಳಕ್ಕೆ ಓಡುವ ಜನ. ಅಂಥವನ ಎಲೆಯ ಮುಂದೆ ಪ್ರತಿವರ್ಷ ಒಂದು ರಮ್ ಬಾಟಲಿ ಇಡುತ್ತಾ ಬಂದರು, ಮಿಲಿಟ್ರಿಯವನಲ್ಲವೇ ಎಂದು. ಇಪ್ಪತ್ತೈದು ವರ್ಷ ದಾಟಿತು. ಸತ್ತವನು ಎದ್ದುಬಂದು 'ನನಗೆ ಬೇಡ ಮಾರಾಯ್ರೇ' ಎನ್ನುವುದಿಲ್ಲವಲ್ಲ, ಇವರಿಗೆ ಅದೇ ಧೈರ್ಯ.

ಎಲೆ ಎಂದರೆ ಏನೆಂದು ಹೊರಗಿನವರಿಗೆ ಹೇಳಬೇಕು. ಮಳೆಗಾಲದ ನಡುವೆ ಬರುವ ಆಟಿ ತಿಂಗಳಲ್ಲಿ ನಮ್ಮ ತುಳುವರ ಮನೆಗಳಲ್ಲಿ ತೀರಿಕೊಂಡವರಿಗೆ ಬಡಿಸುವ ಕ್ರಮ ಉಂಟು. ಮುಸ್ಸಂಜೆಗೆ ಚಾವಡಿಯಲ್ಲಿ ಬಾಳೆಯೆಲೆ ಹಾಕಿ, ಕೋಳಿ, ಮೀನು, ಅನ್ನ, ಅವರವರಿಗೆ ಸೇರುತ್ತಿದ್ದದ್ದು ಎಲ್ಲ ಬಡಿಸುತ್ತಾರೆ. ಮನೆಯ ಹಿರಿಯರು ಕೈಮುಗಿದು 'ಬಂದು ಉಣ್ಣಿ' ಎಂದು ಕರೆದು ಬಾಗಿಲು ಎಳೆದುಕೊಳ್ಳುತ್ತಾರೆ. ಎಲ್ಲರೂ ಹೊರಗೆ ಸುಮ್ಮನೆ ಕೂರಬೇಕು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗುವುದು. ಎಲೆ ಎತ್ತಿದ ಮೇಲೆ ಆ ಬಾಟಲಿಯನ್ನು ಯಾರು ಖಾಲಿ ಮಾಡುತ್ತಿದ್ದರು ಎಂದು ನಾನು ಬರೆಯುವುದಿಲ್ಲ. ನಾಳೆ ಅವರ ಹೆಂಡತಿಯರ ಮುಖ ನೋಡಬೇಕಲ್ಲ.

ಅವನ ಹೆಸರನ್ನೂ ಬರೆಯುವುದಿಲ್ಲ. ಬೇಕಾದವರು ಬೋರ್ಡು ನೋಡಿಕೊಳ್ಳಬಹುದು, ಸಾಕಷ್ಟು ಉಂಟು. ನಮ್ಮೂರು ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಸಿಗುವ ಒಂದು ತಿರುವು, ಅಷ್ಟೇ. ಆಫೀಸಿನ ಕೆಲಸಕ್ಕೆ ಬಂಟ್ವಾಳ, ಕಾಲೇಜಿಗೆ ಮೂಡುಬಿದಿರೆ, ಹೆಣ್ಣು ಕೊಟ್ಟು ತರುವುದಕ್ಕೆ ಬೆಳ್ತಂಗಡಿ. ರಸ್ತೆಗೆ ಡಾಂಬರು ಕೇಳಿದರೆ ಇವರು ಅವರ ಕಡೆ ಕೈ ತೋರಿಸುತ್ತಿದ್ದರು, ಅವರು ಇವರ ಕಡೆ. ಅವನು ಸತ್ತದ್ದೇ ತಡ, ಮೂರು ಊರಿನವರೂ 'ನಮ್ಮ ಹುಡುಗ' ಎಂದು ಎದ್ದು ನಿಂತರು. ಒಂದು ಕಡೆ ರಸ್ತೆಗೆ ಅವನ ಹೆಸರಿಟ್ಟರು. ಇನ್ನೊಂದು ಕಡೆ ಅವನ ಹೆಸರಿನಲ್ಲಿ ಕಬಡ್ಡಿ ಪಂದ್ಯ ಮಾಡಿದರು. ಅವನು ಜನ್ಮದಲ್ಲಿ ಕಬಡ್ಡಿ ಆಡಿದವನಲ್ಲ, ಮೊಣಕಾಲು ತರಚುತ್ತದೆ ಎಂದು ಶಾಲೆಯಲ್ಲೂ ಗೆರೆಯ ಹೊರಗೆ ನಿಲ್ಲುತ್ತಿದ್ದ. ನಮ್ಮ ತಿರುವಿನಲ್ಲಿ ಒಂದು ಬಸ್ ತಂಗುದಾಣ ಕಟ್ಟಿಸಿ, ಕೆಂಪು ಅಕ್ಷರದಲ್ಲಿ ಹೆಸರು ಬರೆಸಿದರು. ಅದೇ ಜಾಗದಲ್ಲಿ ತಂಗುದಾಣ ಕಟ್ಟಬೇಕೆಂದು ಅವರಿಗೆ ಹೇಗೆ ತೋಚಿತೋ ದೇವರೇ ಬಲ್ಲ. ಅದರೊಳಗೆ ನಾನು ಒಂದು ದಿನವೂ ಕೂತಿಲ್ಲ.

ನಾನು ಅವರ ಪಕ್ಕದ ಮನೆಯವಳು. ಅಂಗನವಾಡಿಯಲ್ಲಿ ಕೆಲಸ. ಅವನಿಗಿಂತ ಸ್ವಲ್ಪ ದೊಡ್ಡವಳು, 'ಅಕ್ಕ' ಎನ್ನುತ್ತಿದ್ದ. ನೀವು ಏನೇನೋ ಊಹಿಸಿಕೊಳ್ಳಬೇಡಿ, ಅಂಥದ್ದೆಲ್ಲ ಏನಿಲ್ಲ. ಅವನ ಮೂಗಿನ ಸಿಂಬಳ ಒರೆಸಿದವಳು ನಾನು.

ಅವನ ಅಪ್ಪ ಮುಂಬಯಿಯ ಹೋಟೆಲಿಗೆ ದುಡಿಯಲು ಹೋದವರು, ಅಲ್ಲೇ ತೀರಿಕೊಂಡರು. ಅಮ್ಮ ಬೀಡಿ ಕಟ್ಟಿ ಸಾಕಿದರು. ನಾನು ಅವರನ್ನು ಮಾಮಿ ಎನ್ನುತ್ತಿದ್ದೆ. ಮಡಿಲಲ್ಲಿ ತಡ್ಪೆ, ಅಂದರೆ ಬೀಡಿಯ ಮೊರ, ಇಟ್ಟುಕೊಂಡು ಗೋಡೆಗೆ ಒರಗಿ ಕೂತರೆ ಸೂರ್ಯ ಮುಳುಗುವವರೆಗೆ ಅವರ ಬೆರಳು ನಿಲ್ಲುತ್ತಿರಲಿಲ್ಲ. ಇವನು ಶಾಲೆಯಿಂದ ಬಂದವನೇ ಅಮ್ಮನ ಪಕ್ಕ ಕೂತು ಬೀಡಿಯ ತುದಿ ಮಡಚಿ ನೂಲು ಸುತ್ತುತ್ತಿದ್ದ. ಮಿಲಿಟ್ರಿಗೆ ಸೇರಿದ ಮೇಲೆ ರಜೆಯಲ್ಲಿ ಬಂದರೂ ಅದೇ. ಕ್ರಾಪು ಕತ್ತರಿಸಿಕೊಂಡು, ಎದೆ ಅಗಲ ಮಾಡಿಕೊಂಡು ಬಂದ ಗಂಡಸು, ಜಗಲಿಯಲ್ಲಿ ಕಾಲು ಮಡಚಿ ಕೂತು ಬೀಡಿ ಎಲೆ ಕತ್ತರಿಸುವುದು! ದಾರಿಯಲ್ಲಿ ಹೋಗುವವರು ನಗಾಡುತ್ತಿದ್ದರು.

"ಎಂತ ಮಾರಾಯ, ಗನ್ ಹಿಡಿಯುವ ಕೈಯಲ್ಲಿ ಕತ್ತರಿಯಾ?"

"ಗನ್ನಿಗೆ ರಜೆ ಉಂಟು, ಅಮ್ಮನಿಗೆ ಎಲ್ಲಿ ಉಂಟು?" ಎನ್ನುತ್ತಿದ್ದ. ಕತ್ತು ಎತ್ತುತ್ತಿರಲಿಲ್ಲ.

ಮಿಲಿಟ್ರಿಗಿಂತ ಮೊದಲು ಅವನು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಬಸ್ಸು ಓಡಿಸುತ್ತಿದ್ದದ್ದು ಅವನ ಸ್ವಂತ ಸೋದರಮಾವ, ಮಾಮಿಯ ತಮ್ಮ. ಊರಿಗೆಲ್ಲ ಅವರು ಡ್ರೈವರಣ್ಣ. ಅಕ್ಕನ ಮನೆಯ ಅಂಗಳ ದಾಟಿದರೆ ಅವರ ಮನೆ. ಮನೆಯ ಕಟ್ಟುಕಟ್ಟಳೆ, ಸತ್ತವರಿಗೆ ಬಡಿಸುವುದು, ಕರೆಯುವುದು ಎಲ್ಲ ಅವರ ಕೈಯಲ್ಲೇ. ನಮ್ಮಲ್ಲಿ ಸೋದರಮಾವನ ಮಾತೆಂದರೆ ಅದು ಕೊನೆಯ ಮಾತು.

ನಮ್ಮ ಕಡೆಯ ಖಾಸಗಿ ಬಸ್ಸಿನ ಟೈಮಿಂಗ್ ಗೊತ್ತಿಲ್ಲದವರಿಗೆ ಮುಂದಿನದು ಅರ್ಥವಾಗುವುದಿಲ್ಲ. ಒಂದರ ಹಿಂದೆ ಇನ್ನೊಂದು ಗಾಡಿ. ಮುಂದಿನವನು ಒಂದು ಸ್ಟಾಪಿನಲ್ಲಿ ತಡ ಮಾಡಿದರೆ ಹಿಂದಿನವನ ಜನ ಇವನ ಗಾಡಿ ಹತ್ತುತ್ತಾರೆ. ತೀರಾ ತಡವಾಗಿ ಹಿಂದಿನವನು ದಾಟಿ ಹೋದರೆ ಮುಂದಿನ ಸ್ಟಾಪುಗಳ ಜನವೆಲ್ಲ ಅವನ ಪಾಲು. ಅಷ್ಟಕ್ಕೇ ಬಂಟ್ವಾಳದ ಸ್ಟ್ಯಾಂಡಿನಲ್ಲಿ ಕೊರಳಪಟ್ಟಿ ಹಿಡಿದುಕೊಳ್ಳುತ್ತಾರೆ. ಡ್ರೈವರಣ್ಣನಿಗೂ ಹಿಂದಿನ ಗಾಡಿಯವರಿಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. ಆ ಗಾಡಿಗೆ ನಮ್ಮ ಮನೆಯವರು ಯಾರಾದರೂ ಹತ್ತಿದರೆ ಡ್ರೈವರಣ್ಣ ವಾರಗಟ್ಟಲೆ ಮಾತು ಬಿಡುತ್ತಿದ್ದರು. ಒಮ್ಮೆ ನಾನು ಹೆರಿಗೆ ನೋವಿನ ಹುಡುಗಿಯೊಬ್ಬಳನ್ನು ಕರೆದುಕೊಂಡು ಆ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿದ್ದೆ, ಅದಕ್ಕೂ ಮುಖ ತಿರುಗಿಸಿದ್ದರು. ಏನು ಜನವೋ!

ಅಳಿಯ ಮಾವನಿಗೆ ತಕ್ಕ ಕಂಡಕ್ಟರ್. ಪೀಪಿ ಇಟ್ಟುಕೊಳ್ಳುತ್ತಿರಲಿಲ್ಲ. ಎರಡು ಬೆರಳು ಬಾಯಲ್ಲಿಟ್ಟು ಸೀಟಿ ಹೊಡೆದರೆ ಗದ್ದೆಯಾಚೆಯ ನಾಯಿ ಕಿವಿ ನಿಮಿರಿಸುತ್ತಿತ್ತು. ಒಂದು ಸೀಟಿ ಎಂದರೆ ನಿಲ್ಲಿಸು, ಎರಡು ಎಂದರೆ ಹೋಗು. ಅಜ್ಜಿಯರು ಮೆಟ್ಟಿಲ ಮೇಲೆ ಕಾಲಿಡುವಾಗ ಸೊಂಟಕ್ಕೆ ಕೈ ಕೊಟ್ಟು, ಅದೇ ಉಸಿರಿನಲ್ಲಿ ಎರಡು ಸೀಟಿ. ಮಿಲಿಟ್ರಿಯಿಂದ ರಜೆಗೆ ಬರುವಾಗಲೂ ತಿರುವಿನಲ್ಲಿ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಉದ್ದಕ್ಕೆ ಒಂದು ಸೀಟಿ ಹೊಡೆಯುತ್ತಿದ್ದ. ಮಾಮಿ ತಡ್ಪೆ ಕೆಳಗಿಟ್ಟು ಏಳುತ್ತಿದ್ದರು. ಹೊಗೆಸೊಪ್ಪು ಎಲ್ಲ ಅಂಗಳಕ್ಕೆ ಚೆಲ್ಲುತ್ತಿತ್ತು, ಅದರ ಪರಿವೆ ಅವರಿಗೆಲ್ಲಿ!

ಮಿಲಿಟ್ರಿಗೆ ಸೇರಿದ್ದೂ ಒಂದು ಕಥೆಯೇ. ಮಂಗಳೂರಿನಲ್ಲಿ ಭರ್ತಿ ಇದೆಯೆಂದು ಗೆಳೆಯನೊಬ್ಬ ಹೊರಟ. ಅವನಿಗೆ ಒಬ್ಬನೇ ಹೋಗಲು ಅಂಜಿಕೆ, ಇವನು ಜೊತೆಗೆ ಹೋದ. ಗೆಳೆಯ ಓಟದಲ್ಲಿ ಅರ್ಧಕ್ಕೇ ಕೂತುಬಿಟ್ಟ. ಇವನು ಓಡುತ್ತಲೇ ಇದ್ದ. "ಎಂತಕ್ಕೆ ಓಡಿದೆ ಮಾರಾಯ?" ಎಂದು ಕೇಳಿದರೆ, "ಹಿಂದೆ ಗಾಡಿ ಬರ್ತಾ ಉಂಟು ಅಂತ ಅನ್ನಿಸಿತು ಅಕ್ಕ" ಎಂದು ನಕ್ಕ. ಮಾಮಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅವರೇ ಉಪ್ಪಿನಕಾಯಿ ತುಂಬಿಸಿ ಕಳಿಸಿದರು.

ರಜೆಗೆ ಬರುವಾಗ ಅವನ ಪೆಟ್ಟಿಗೆಯಲ್ಲಿ ಕ್ಯಾಂಟೀನಿನ ರಮ್ ಇರುತ್ತಿತ್ತು, ಎಲ್ಲ ಮಾವನಿಗೆ ಮತ್ತು ಊರಿನ ಗಂಡಸರಿಗೆ. ಅವನಿಗೆ ಬೇಕಾದದ್ದು ಸಿಹಿ. ಅಲ್ಲಿ ತನ್ನ ಪಾಲಿನ ರಮ್ಮನ್ನು ಜೊತೆಯವರಿಗೆ ಕೊಟ್ಟು, ಬದಲಿಗೆ ಅವರ ಪಾಲಿನ ದಪ್ಪ ಹಾಲಿನ ಡಬ್ಬ ತೆಗೆದುಕೊಳ್ಳುತ್ತಿದ್ದನಂತೆ. ಅದನ್ನು ತೂತು ಮಾಡಿ ಹಾಗೇ ಹೀರುವುದು. "ನಾಚಿಕೆ ಆಗುದಿಲ್ವಾ ನಿನಗೆ? ದೇಶ ಕಾಯುವವ ನೀನು" ಎಂದು ನಾನು ರೇಗಿಸುತ್ತಿದ್ದೆ. "ಸಿಹಿ ತಿಂದವ ಕಾಯ್ಲಿಕ್ಕಾಗದು ಅಂತ ಎಲ್ಲಿ ಬರೆದುಂಟು ಅಕ್ಕ?" ಎನ್ನುತ್ತಿದ್ದ. ಎಲ್ಲಕ್ಕಿಂತ ಅವನ ಪ್ರಾಣ ಇದ್ದದ್ದು ಮಾಮಿ ಮಾಡುವ ಹಲಸಿನ ಹಣ್ಣಿನ ಗಟ್ಟಿಯಲ್ಲಿ. ಬಾವಿಯ ಬದಿಯ ಮರದ ಹಣ್ಣು, ನೆನೆಸಿದ ಅಕ್ಕಿ, ಬೆಲ್ಲ, ಕಾಯಿತುರಿ ಸೇರಿಸಿ ರುಬ್ಬಿ, ತೇಗದ ಎಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸುವುದು. ಬೆಂದಾಗ ಎಲೆಯ ಬಣ್ಣ ಹಿಡಿದು ಕೆಂಪಗಾಗುತ್ತದೆ. ಆದರೆ ಒಂದು, ಅದಕ್ಕೆ ಅವಸರ ಆಗದು. ಎಷ್ಟು ಬೆಂಕಿ ಹಾಕಿದರೂ ಅದು ತನ್ನ ಹೊತ್ತು ತೆಗೆದುಕೊಂಡೇ ಬೇಯುವುದು.

ಆ ವರ್ಷ ಅವನು ರಜೆ ಹಾಕಿ ಬಂದದ್ದೇ ಹಲಸಿನ ಕಾಲ ನೋಡಿಕೊಂಡು. ಬಂದು ನಾಲ್ಕು ದಿನವಾಗಿರಲಿಲ್ಲ, ಉತ್ತರದ ಹಿಮದ ಬೆಟ್ಟಗಳಲ್ಲಿ ಯುದ್ಧ ಶುರುವಾಯಿತೆಂದು ಟಿ.ವಿ.ಯಲ್ಲಿ ಹೇಳತೊಡಗಿದರು. ಟಿ.ವಿ. ಇದ್ದದ್ದು ಡ್ರೈವರಣ್ಣನ ಮನೆಯಲ್ಲಿ. ಅವನು ನೋಡಲು ಹೋಗಲೇ ಇಲ್ಲ. ಅವತ್ತು ಬೆಳಿಗ್ಗೆ ಕೈಗೆ ಎಣ್ಣೆ ಸವರಿಕೊಂಡು ಹಣ್ಣು ಬಿಡಿಸಿದ. ನಾನೂ ಅವನೂ ಎಲೆ ಒರೆಸಿ ಕೊಟ್ಟೆವು, ಮಾಮಿ ಹಿಟ್ಟು ತುಂಬಿದರು. ಸಂಜೆಯ ಚಹಾಕ್ಕೆ ಗಟ್ಟಿ ಎಂದು ಲೆಕ್ಕ. ಮಧ್ಯಾಹ್ನ ಊಟ ಬೇಡ ಎಂದ. ಗಟ್ಟಿಗೆ ಜಾಗ ಬೇಕಂತೆ!

ಪಾತ್ರೆ ಒಲೆಯ ಮೇಲೆ ಇಟ್ಟದ್ದಷ್ಟೇ, ಪೋಸ್ಟಿನವರು ತಂತಿ ತಂದರು. ರಜೆ ರದ್ದು, ಕೂಡಲೇ ಬರಬೇಕು. ಸಂಜೆ ಮಂಗಳೂರಿನಿಂದ ರೈಲು. ಅದನ್ನು ಹಿಡಿಯಬೇಕಾದರೆ ಮಧ್ಯಾಹ್ನದ ಮೇಲೆ ಮೂಡುಬಿದಿರೆಯಿಂದ ಬರುವ ಡ್ರೈವರಣ್ಣನ ಬಸ್ಸು. ಇಲ್ಲದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಅದರ ಹಿಂದೆ ಬರುವ ಆ ಇನ್ನೊಂದು ಗಾಡಿ. ಅದಕ್ಕೆ ಹೋದರೂ ರೈಲು ಸಿಗುತ್ತಿತ್ತು.

ಮಾಮಿ ಒಲೆಗೆ ಕಟ್ಟಿಗೆ ನೂಕುತ್ತಾ ಹೇಳಿದರು, "ಮಗಾ, ಹಿಂದಿನ ಬಸ್ಸಿಗೆ ಹೋಗು. ಅಷ್ಟರಲ್ಲಿ ಬೇಯ್ತದೆ. ಬೆಳಿಗ್ಗೆಯಿಂದ ಹೊಟ್ಟೆಗೆ ಎಂತ ಇಲ್ಲ ನಿನಗೆ."

"ಮಾವನ ಗಾಡಿ ಬಿಟ್ಟು ಅವರ ಗಾಡಿಗಾ? ಆಗ್ಲಿಕ್ಕಿಲ್ಲ ಅಮ್ಮ. ಮಾವನಿಗೆ ಮತ್ತೆ ಬಂಟ್ವಾಳದಲ್ಲಿ ತಲೆ ಎತ್ಲಿಕ್ಕುಂಟಾ?"

ಬಸ್ಸು ಬಂತು. ಅವನು ಚೀಲ ಹೆಗಲಿಗೇರಿಸಿ ಹತ್ತಿದ. ಮಾಮಿ ಬರಿಗಾಲಲ್ಲಿ ರಸ್ತೆಗೆ ಓಡಿಬಂದು, ಬಸ್ಸಿನ ಮುಂದೆಯೇ ಕೈ ಅಡ್ಡ ಹಿಡಿದು ನಿಂತರು. "ತಮ್ಮಾ, ಸ್ವಲ್ಪ ನಿಲ್ಲಿಸು. ಈಗ ಆಗ್ತದೆ. ಎಲೆಯಲ್ಲಿ ಕಟ್ಟಿ ಕೊಡ್ತೇನೆ, ದಾರಿಯಲ್ಲಾದ್ರೂ ತಿನ್ಲಿ."

ಡ್ರೈವರಣ್ಣ ನಿಲ್ಲಿಸಿದರು. ಸುಳ್ಳು ಹೇಳಬಾರದು, ಅವರ ಮಟ್ಟಿಗೆ ಬಹಳ ಹೊತ್ತೇ ನಿಲ್ಲಿಸಿದರು. ನಾನು ಮನೆಗೆ ಓಡಿ ಮುಚ್ಚಳ ತೆಗೆದು ಕಡ್ಡಿ ಚುಚ್ಚಿ ನೋಡಿದೆ. ಹಿಟ್ಟು ಹಸಿ, ಕಡ್ಡಿಗೆ ಅಂಟಿಕೊಂಡು ಬಂತು. ಮತ್ತೆ ರಸ್ತೆಗೆ ಓಡಿದೆ. ಬಸ್ಸಿನೊಳಗೆ ಜನ ಗೊಣಗುತ್ತಿದ್ದರು. "ಎಂತ ಡ್ರೈವರಣ್ಣ, ಮದುವೆ ದಿಬ್ಬಣವಾ ಇದು?" ಎಂದು ಯಾರೋ ಕೇಳಿದರು. ಅಷ್ಟರಲ್ಲಿ ಹಿಂದಿನ ತಿರುವಿನಿಂದ ಆ ಗಾಡಿಯ ಹಾರನ್ ಕೇಳಿಸಿತು. ಡ್ರೈವರಣ್ಣ ಕನ್ನಡಿ ನೋಡಿದರು. ಅವನೂ ಬಾಗಿಲಿನಿಂದ ತಲೆ ಹೊರಗೆ ಹಾಕಿ ಹಿಂದೆ ನೋಡಿದ. ಆಮೇಲೆ ಅಮ್ಮನ ಕಡೆ ತಿರುಗಿ, "ಇಳಿಸಿ ಇಟ್ಟಿರು ಅಮ್ಮ, ಬಂದು ತಿನ್ತೇನೆ" ಎಂದವನೇ ಎರಡು ಬೆರಳು ಬಾಯಲ್ಲಿಟ್ಟು ಎರಡು ಸೀಟಿ ಹೊಡೆದ. ಮಾಮಿ ಬದಿಗೆ ಸರಿದರು. ಆ ಸೀಟಿ ಕೇಳಿದರೆ ಗಾಡಿ ಬಿಡುವುದು ಡ್ರೈವರಣ್ಣನ ಕಾಲಿಗೆ ಅಭ್ಯಾಸ. ಕಾಲು ಒತ್ತಿತು, ಗಾಡಿ ಹೋಯಿತು.

ಆ ಇನ್ನೊಂದು ಗಾಡಿ ನಮ್ಮ ತಿರುವಿನ ಅಂಗಡಿಯೆದುರು ಸುಮಾರು ಹೊತ್ತು ನಿಂತು ಜನ ಹತ್ತಿಸಿಕೊಂಡಿತು. ಅದು ಹೊರಡುವ ಹೊತ್ತಿಗೆ ಗಟ್ಟಿ ಬೆಂದಿತ್ತು.

ಮಾಮಿ ಅವನ ಮಾತಿನಂತೆ ಇಳಿಸಿ ಇಟ್ಟರು. ಯಾರಿಗೂ ಕೊಡಲಿಲ್ಲ, ತಾವೂ ತಿನ್ನಲಿಲ್ಲ. ಹುಳಿ ವಾಸನೆ ಬಂದ ಮೇಲೆ ಬಾವಿಯ ಬದಿಯ ಮರದ ಬುಡಕ್ಕೆ ಹಾಕಿದರು.

ಮಳೆ ಹಿಡಿದಿದ್ದ ದಿನ ಅವನನ್ನು ತಂದರು. ಬಂಟ್ವಾಳದಿಂದ ಮೆರವಣಿಗೆ, ಮೈಕು, ಬಾವುಟ, ಶಾಲೆಯ ಮಕ್ಕಳು. ನಮ್ಮ ತಿರುವಿನಲ್ಲಿ ಅಷ್ಟು ಜನ ಸೇರಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಪೆಟ್ಟಿಗೆ ತೆರೆಯುವುದು ಬೇಡ ಎಂದು ಜೊತೆಗೆ ಬಂದ ಮಿಲಿಟ್ರಿಯವರು ಹೇಳಿದರು. ಮಾಮಿ ಹಟ ಮಾಡಲಿಲ್ಲ, ಪೆಟ್ಟಿಗೆಯ ಮೇಲೆ ಕೈ ಇಟ್ಟು ಕೂತರು. ಭಾಷಣ ಮಾಡಿದವರೆಲ್ಲ ಅವನು ಶತ್ರುಗಳ ಮೇಲೆ ಹೇಗೆ ಎರಗಿದ ಎಂದು ಹೇಳಿದರು. ಎಷ್ಟು ಜನರನ್ನು ಕೊಂದ ಎಂಬುದು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ರೀತಿ. ವರ್ಷದಿಂದ ವರ್ಷಕ್ಕೆ ಅದು ಬೆಳೆಯುತ್ತಲೂ ಹೋಯಿತು. ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುತ್ತಿದ್ದ ಹುಡುಗ ಅವನು.

ನಿಜ ಏನೆಂದು ಹೇಳಿದ್ದು ಅವನ ಜೊತೆಗಿದ್ದ ಇನ್ನೊಬ್ಬ ಸಿಪಾಯಿ. ಯುದ್ಧ ಮುಗಿದ ಮೇಲೆ ಅವನ ಟ್ರಂಕು, ಬಟ್ಟೆಬರೆ ಕೊಡಲೆಂದು ಅಷ್ಟು ದೂರದಿಂದ ಬಂದಿದ್ದ, ಬೆಳಗಾವಿ ಕಡೆಯವನು. ಅವನ ಕನ್ನಡ ಮಾಮಿಗೆ ತಿಳಿಯದು, ಮಾಮಿಯ ತುಳು ಅವನಿಗೆ ತಿಳಿಯದು. ನಡುವೆ ನಾನು ಕೂತೆ.

"ಎರಗಿದ್ದು ಪರಗಿದ್ದು ಏನಿಲ್ರಿ ಅಕ್ಕಾರ," ಎಂದ ಆ ಹುಡುಗ. "ಮ್ಯಾಲ ಗುಡ್ಡದಾಗ ಇದ್ದವರಿಗೆ ರೊಟ್ಟಿ, ನೀರು ಹೊತ್ಕೊಂಡು ಹೊಂಟಿದ್ದ. ಆಗ ಶೆಲ್ ಬಿತ್ರಿ. ಅವನ ಹಿಂದಿನವ ನಾನು."

ಆಮೇಲೆ ಕೇಳಿದ, "ಅಕ್ಕಾರ, ಅದೇನೋ ಹಣ್ಣು ರುಬ್ಬಿ ಎಲಿಯಾಗ ಸುತ್ತಿ ಕುದಸ್ತಾರಂತಲ್ರಿ ನಿಮ್ಮ ಕಡೆ? ಅದರದ ಮಾತು ಹಗಲೆಲ್ಲ. ನಮ್ಮವ್ವ ಇಳಿಸಿ ಇಟ್ಟಾಳ, ಹೋಗಿ ತಿನಬೇಕು, ನೀನೂ ಬಾ ಅಂತಿದ್ದ."

ನಾನು ಇದನ್ನು ತುಳುವಿನಲ್ಲಿ ಹೇಳಬೇಕೋ ಬೇಡವೋ ಎಂದು ತಡವರಿಸಿದೆ. ಹೇಳಿದೆ. ಮಾಮಿ ಕೇಳಿದ್ದು ಒಂದೇ ಮಾತು. "ಆ ದಿನ ಅವ ಉಂಡಿದ್ದನಾ ಕೇಳು."

ಕೇಳಿದೆ. "ಹೂಂ ಅವ್ವಾ, ಹೊಟ್ಟಿ ತುಂಬ ಉಂಡಿದ್ದ" ಎಂದು ಆ ಹುಡುಗ ಕಣ್ಣು ತಗ್ಗಿಸಿದ. ಅದನ್ನು ಮಾಮಿಗೆ ತುಳುವಿನಲ್ಲಿ ಹೇಳುವ ಅಗತ್ಯ ಬೀಳಲಿಲ್ಲ. ಅವನು ಹೋದ ಮೇಲೆ ಹೇಳಿದರು, "ಒಳ್ಳೆ ಹುಡುಗ ಮಗಳೇ. ನನಗೋಸ್ಕರ ಸುಳ್ಳು ಹೇಳಿದ."

ಹಸಿದು ಹೋದವನು ಹಸಿದೇ ಬರುತ್ತಾನೆ ಎಂಬುದು ಮಾಮಿಯ ಮನಸ್ಸಿನಲ್ಲಿ ಕೂತುಬಿಟ್ಟಿತು. ಮಗನಿಗೆ ಒಂದು ಗಟ್ಟಿ ಬಡಿಸಬೇಕು, ಅವರ ಆಸೆ ಅಷ್ಟೇ. ಪಿಂಚಣಿ ಬಂತು, ಸನ್ಮಾನದ ಶಾಲು ರಾಶಿ ಬಂತು. ಶಾಲಿನಲ್ಲಿ ಬೀಡಿ ಎಲೆ ಸುತ್ತಿ ಇಡುತ್ತಿದ್ದರು, ಬಾಡುವುದಿಲ್ಲ ಎಂದು. ಆಟಿ ಬಂದಾಗ ಮಾತ್ರ ತಮ್ಮನ ಮುಂದೆ ಹೋಗಿ ನಿಲ್ಲುತ್ತಿದ್ದರು.

"ತಮ್ಮಾ, ಈ ಸಲ ಅವನ ಎಲೆಗೆ ಒಂದು ಗಟ್ಟಿ ಇಡುವನಾ?"

"ಅಂಥ ಕ್ರಮ ನಮ್ಮ ಮನೆಯಲ್ಲಿ ಇಲ್ಲ ಅಕ್ಕ. ಮಿಲಿಟ್ರಿಯವನ ಎಲೆಗೆ ರಮ್ ಉಂಟಲ್ಲ, ಸಾಕು."

ಆ ಮರ ಆಟಿಯಲ್ಲಿ ಹಣ್ಣು ಕೊಡುವುದೇ ಕಷ್ಟ, ಮಳೆಗೆ ಎಲ್ಲ ನೀರು ಹಿಡಿದು ಬಿದ್ದುಹೋಗುತ್ತದೆ. ಮಾಮಿ ತುದಿಯ ಒಂದು ಕಾಯಿಗೆ ಗೋಣಿ ಕಟ್ಟಿಸಿ, ಕಾಗೆ ಮಂಗ ಓಡಿಸಿ, ಉಳಿಸಿಕೊಳ್ಳುತ್ತಿದ್ದರು. ತಮ್ಮ ಬೇಡವೆಂದ ಮೇಲೆ ಅದು ಅಲ್ಲೇ ಕೊಳೆತು ಬೀಳುತ್ತಿತ್ತು. "ನೀವೇ ಮಾಡಿ ಇಟ್ಟುಬಿಡಿ ಮಾಮಿ, ಯಾರು ತಡೀತಾರೆ?" ಎಂದು ನಾನು ಎಷ್ಟೋ ಸಲ ಜಗಳವಾಡಿದ್ದೇನೆ. "ಮಾವ ಕರೆದು ಬಡಿಸಿದರೇ ಅವನಿಗೆ ಮುಟ್ಟುವುದು ಮಗಳೇ" ಎನ್ನುತ್ತಿದ್ದರು. ಆ ದಿನದಿಂದ ಅವರು ಹಲಸು ಬಾಯಿಗಿಟ್ಟವರಲ್ಲ.

ಡ್ರೈವರಣ್ಣನ ಮೇಲೆ ನನಗೆ ಇದ್ದ ಸಿಟ್ಟು ಅಷ್ಟಿಷ್ಟಲ್ಲ. ಅಳಿಯ ಕುಡಿಯುವುದಿಲ್ಲ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವನು ತಂದದ್ದನ್ನು ಕುಡಿದವರೇ ಅವರು. ಆದರೆ ಒಂದು ಹೇಳಬೇಕು. ಅವನು ಸತ್ತ ಮೇಲೆ ಅವರು ರಮ್ ಮುಟ್ಟಲಿಲ್ಲ, ಎಲೆಯೆದುರಿನ ಬಾಟಲಿಯನ್ನೂ. ಗಾಡಿ ಓಡಿಸುತ್ತಿದ್ದಷ್ಟು ದಿನ ನಮ್ಮ ತಿರುವಿನಲ್ಲಿ ಜನ ಹತ್ತಿ ಆದ ಮೇಲೂ ಗಾಡಿ ಬಿಡುತ್ತಿರಲಿಲ್ಲ. ಕಂಡಕ್ಟರ್ ಪೀಪಿಯ ಮೇಲೆ ಪೀಪಿ ಊದುತ್ತಿದ್ದ, ಇವರು ಸ್ಟೇರಿಂಗ್ ಹಿಡಿದು ಸುಮ್ಮನೆ ಕೂತಿರುತ್ತಿದ್ದರು. ಹಿಂದಿನ ಗಾಡಿ ಇವರನ್ನು ದಾಟಿ ಹೋದ ಮೇಲೆ ಹೊರಡುತ್ತಿದ್ದರು. ಕಲೆಕ್ಷನ್ ಬಿತ್ತೆಂದು ಮಾಲೀಕ ಬೈದ, ಬೇರೆ ರೂಟಿಗೆ ಹಾಕಿದ. ಊರಿನವರು ಡ್ರೈವರಣ್ಣನಿಗೆ ವಯಸ್ಸಾಯಿತು ಎಂದರು.

ಈ ವರ್ಷ ಮಳೆ ಶುರುವಾಗುವ ಮೊದಲು ಮಾಮಿ ತೀರಿಕೊಂಡರು. ಆಸ್ಪತ್ರೆಗೆ ಹೋಗುವ ದಿನ ನನ್ನ ಕೈ ಹಿಡಿದು ಹೇಳಿದ್ದು ಇಷ್ಟು: "ಮೇಲಿನ ಗೆಲ್ಲಿನಲ್ಲಿ ಒಂದು ಕಾಯಿ ಉಂಟು. ಗೋಣಿ ಕಟ್ಟಿಸು, ಮರೀಬೇಡ." ಕಟ್ಟಿಸಿದೆ. ಅವರ ಬೊಜ್ಜವೂ, ಅಂದರೆ ಉತ್ತರಕ್ರಿಯೆಯೂ ಮುಗಿಯಿತು, ಆಟಿಯೂ ಬಂತು. ನಾನು ಕಾಯಿ ಇಳಿಸಿ, ಹಣ್ಣಾಗಿಸಿ, ಡ್ರೈವರಣ್ಣನ ಮನೆಯ ಜಗಲಿಗೆ ಒಯ್ದು ಕುಕ್ಕಿದೆ. ಅವರಿಗೆ ಎಂಬತ್ತರ ಹತ್ತಿರ, ಕೋಲು ಹಿಡಿದು ನಡೆಯುವುದು.

"ಡ್ರೈವರಣ್ಣ, ಮಾಮಿಯ ಎಲೆಗೆ ಈ ಸಲ ಗಟ್ಟಿ ಮಾಡ್ತೇನೆ. ಅವರಿಗೆ ಇಷ್ಟ."

"ಯಾರಿಗೆ ಇಷ್ಟ? ಅಕ್ಕ ಹಲಸು ತಿಂತಾ ಇರ್ಲಿಲ್ಲ ಟೀಚರ್."

"ಅವ ರಮ್ ಕುಡೀತಾ ಇದ್ನಾ?"

ಮಾತು ಬಾಯಿ ತಪ್ಪಿ ಹೋಗಿತ್ತು. ಬೈಯುತ್ತಾರೆ ಎಂದುಕೊಂಡೆ. ಅವರು ಹಣ್ಣನ್ನೇ ನೋಡುತ್ತಾ ಕೂತರು.

"ಇಲ್ಲ," ಎಂದರು. "ಅವ ಮೂಸ್ತಾ ಇರ್ಲಿಲ್ಲ. ನನಗೆ ಗೊತ್ತಿಲ್ವಾ ಟೀಚರ್? ನಾನೇ ಎತ್ತಿ ಆಡಿಸಿದವ. ಗಟ್ಟಿ ಇಟ್ರೆ ಅವ ಬರ್ತಾನೆ. ಬಂದ್ರೆ ಕೇಳ್ತಾನೆ."

"ಎಂತ ಕೇಳ್ತಾನೆ?"

"ಮಾವ, ನಾನು ಸೀಟಿ ಹೊಡೆದ್ರೆ ಏನಾಯ್ತು, ನೀವಾದ್ರೂ ನಿಲ್ಲಿಸ್ಬಹುದಿತ್ತಲ್ಲ ಅಂತ." ಪಂಚೆಯ ತುದಿಯಲ್ಲಿ ಮುಖ ಒರೆಸಿಕೊಂಡರು. "ಅವರ ಗಾಡಿ ಮುಂದೆ ಹೋಗಿದ್ರೆ ನನ್ನ ಗಂಟು ಏನು ಹೋಗ್ತಾ ಇತ್ತು? ಎಂತ ಹೋಗ್ತಿತ್ತು ಟೀಚರ್?"

ಇಷ್ಟು ವರ್ಷ ಹಿಡಿದುಕೊಂಡು ಬಂದ ಸಿಟ್ಟು ಆ ಕ್ಷಣಕ್ಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ನನಗೆ ಅಳು ಬಂತು. ಹಣ್ಣು ಬಿಡಿಸಲು ಎಣ್ಣೆ ಕೊಡಿ ಎಂದು ಕೇಳಿದೆ. ಅವರೇ ಎದ್ದು ಒಳಗಿನಿಂದ ತಂದುಕೊಟ್ಟರು.

ಮುಸ್ಸಂಜೆ ಚಾವಡಿಯಲ್ಲಿ ಎಲೆ ಹಾಕಿದರು. ಮಗನ ಎಲೆಯ ಪಕ್ಕದಲ್ಲಿ ಮಾಮಿಯದು. ಕೋಳಿ ಬಡಿಸಿದರು, ಮೀನು ಬಡಿಸಿದರು. ಡ್ರೈವರಣ್ಣನ ಮಗ ಎಂದಿನಂತೆ ಬಾಟಲಿ ತಂದ. ಡ್ರೈವರಣ್ಣ ಅದನ್ನು ಕೋಲಿನಿಂದ ಬದಿಗೆ ಸರಿಸಿದರು. ನಾನು ಬಿಸಿ ಗಟ್ಟಿಯ ತಟ್ಟೆಯನ್ನು ಮಾಮಿಯ ಎಲೆಯ ಹತ್ತಿರ ಇಟ್ಟೆ. ಡ್ರೈವರಣ್ಣ ಗೋಡೆ ಹಿಡಿದು ಕಷ್ಟಪಟ್ಟು ಬಗ್ಗಿದರು. ಒಂದು ಗಟ್ಟಿ ತೆಗೆದು, ಎಲೆ ಬಿಡಿಸಿ, ಅಳಿಯನ ಎಲೆಯ ನಡುವೆ ಇಟ್ಟರು. ಬೆರಳು ಸುಟ್ಟಿರಬೇಕು, ಬಾಯಿಂದ ಊದಲೂ ಇಲ್ಲ. ಪ್ರತಿವರ್ಷ ಎಲ್ಲರನ್ನೂ ಒಟ್ಟಿಗೆ ಕರೆಯುತ್ತಿದ್ದರು. ಈ ಸಲ ಅವನನ್ನು ಬೇರೆಯಾಗಿ, ಮನೆಯಲ್ಲಿ ಕೂಗುತ್ತಿದ್ದ ಹೆಸರು ಹಿಡಿದು, "ಬಾ, ನಿನ್ನ ಅಮ್ಮನೂ ಬಂದಿದ್ದಾಳೆ" ಎಂದು ಕರೆದರು. ಬಾಗಿಲು ಎಳೆದುಕೊಂಡೆವು.

ಹೊರಗೆ ಜಗಲಿಯಲ್ಲಿ ಕೂತೆವು. ಮಳೆ ಸಣ್ಣಗೆ ಹೊಯ್ಯುತ್ತಿತ್ತು. ಮಕ್ಕಳಿಗೆ ಹಸಿವು, ಒಳಗಿನಿಂದ ಕೋಳಿಯ ಪರಿಮಳ ಬರುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಡ್ರೈವರಣ್ಣನ ಮಗ ಎಂದಿನಂತೆ ಬಾಗಿಲು ತಟ್ಟಲು ಎದ್ದ. ತಿರುವಿನಲ್ಲಿ ಸಂಜೆಯ ಬಸ್ಸು ಹಾರನ್ ಹಾಕುತ್ತಾ ದಾಟಿಹೋಯಿತು.

ಡ್ರೈವರಣ್ಣ ಕೋಲು ಅಡ್ಡ ಹಿಡಿದರು.

"ಕೂತ್ಕೊ," ಎಂದರು. "ನಿಧಾನ ಉಣ್ಲಿ. ಇವತ್ತು ಅವನಿಗೆ ಬಸ್ಸಿಲ್ಲ."